60 ರೂಪಾಯಿಯ ಆಯಿಲ್ ಫಿಲ್ಟರ್ ಹಾಕಿಸಬಹುದಾ?

ಓದುಗರ ಪ್ರಶ್ನೆ: ನನ್ನದು 2014ರ ವ್ಯಾಗನ್ ಆರ್, ಪೆಟ್ರೋಲ್. ವಾರಂಟಿ ಮುಗಿದ ಮೇಲೆ ನಮ್ಮ ಏರಿಯಾದ ಮೆಕ್ಯಾನಿಕ್ ಹತ್ತಿರವೇ ಆಯಿಲ್ ಬದಲಿಸುತ್ತಿದ್ದೇನೆ. ಕಳೆದ ಸಲ ಅವರು 60 ರೂಪಾಯಿಯ ಆಯಿಲ್ ಫಿಲ್ಟರ್ ಹಾಕಿದರು. ಕಂಪನಿಯದ್ದು ಅದರ ಎರಡರಷ್ಟಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಕಡಿಮೆ ಬೆಲೆಯ ಫಿಲ್ಟರ್ ಒಳ್ಳೆಯದೋ ಕೆಟ್ಟದ್ದೋ ಅಂತ ತಿಳಿಯುವುದು ಹೇಗೆ?

ಉತ್ತರ: ಬೆಲೆ ಕಡಿಮೆ ಅಂತ ಫಿಲ್ಟರ್ ಕೆಟ್ಟದ್ದಾಗುವುದಿಲ್ಲ. ಸಣ್ಣ ಪೆಟ್ರೋಲ್ ಕಾರಿನ ಫಿಲ್ಟರ್ ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಸರಳ ವಸ್ತು, ಕಡಿಮೆಗೆ ಸಿಗುವುದು ಸಹಜ. ಆದರೆ ಅಗ್ಗದ ಫಿಲ್ಟರ್ ಎಲ್ಲಿ ಕೈಕೊಡುತ್ತದೆ ಅನ್ನುವುದು ಗೊತ್ತಿರಬೇಕು. ಎಲ್ಲರೂ ಒಳಗೆ ಆಯಿಲ್ ಸೋಸುವ ಕಾಗದದ ಬಗ್ಗೆ ಯೋಚಿಸುತ್ತಾರೆ. ನಾನು ಕತ್ತರಿಸಿ ನೋಡಿದ ಫಿಲ್ಟರ್‌ಗಳಲ್ಲಿ ಕಾಗದಕ್ಕಿಂತ ಮೊದಲು ಸೋತಿದ್ದು ರಬ್ಬರ್ ಮತ್ತು ಅಂಟು. ಅದಕ್ಕೇ ನಾನು ಮೊದಲು ನೋಡುವುದು ರಬ್ಬರನ್ನು.

ಫಿಲ್ಟರಿನ ಬಾಯಿಯನ್ನು ನಿಮ್ಮ ಕಡೆ ತಿರುಗಿಸಿ ನೋಡಿ. ನಡುವೆ ಥ್ರೆಡ್ (ತಿರುಪಿನ ಗೆರೆ) ಇರುವ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ಆಯಿಲ್ ಸಣ್ಣ ತೂತುಗಳಿಂದ ಒಳಗೆ ಹೋಗುತ್ತದೆ, ಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟುತ್ತದೆ, ನಡುವಿನ ತೂತಿನಿಂದ ಇಂಜಿನ್‌ಗೆ ವಾಪಸ್ ಬರುತ್ತದೆ. ಸಣ್ಣ ತೂತುಗಳ ಒಳಬದಿಯಲ್ಲಿ ತಟ್ಟೆಯಂತೆ ಒಂದು ತೆಳು ರಬ್ಬರ್ ಕೂತಿರುತ್ತದೆ. ಇಂಜಿನ್ ಆಫ್ ಆದಾಗ ಫಿಲ್ಟರಿನೊಳಗಿನ ಆಯಿಲ್ ಇಂಜಿನ್ನಿನ ಅಡಿಯ ಆಯಿಲ್ ತೊಟ್ಟಿಗೆ ಸೋರಿಹೋಗದಂತೆ ತಡೆಯುವುದು ಇದರ ಕೆಲಸ. ಫಿಲ್ಟರ್ ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂರುವ ಇಂಜಿನ್‌ಗಳಲ್ಲಿ ಈ ರಬ್ಬರ್ ಬಹಳ ಮುಖ್ಯ.

ಒಮ್ಮೆ ನನ್ನ ಕಾರಿಗೆ ಹೆಸರೇ ಕೇಳದ ಒಂದು ಫಿಲ್ಟರ್ ಹಾಕಿಸಿದ್ದೆ. ಎರಡು ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೇ ತಿಂಗಳು ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಮೂರು ಸೆಕೆಂಡು ಟರ್ರ್ ಅನ್ನುವ ಸದ್ದು. ಆಯಿಲ್ ದೀಪವೂ ಮೊದಲಿಗಿಂತ ತಡವಾಗಿ ಆರುತ್ತಿತ್ತು. ಫಿಲ್ಟರ್ ಬದಲಿಸಿದೆ, ಮರುದಿನದಿಂದ ಸದ್ದು ಹೋಯಿತು. ಹಳೆಯದನ್ನು ಕತ್ತರಿಸಿ ನೋಡಿದರೆ ಆ ರಬ್ಬರ್ ಗಟ್ಟಿಯಾಗಿ, ಅದರ ಅಂಚು ಬಿಸಿಲಿಗೆ ಒಣಗಿದ ಹಪ್ಪಳದ ಹಾಗೆ ಮೇಲೆದ್ದಿತ್ತು. ರಾತ್ರಿಯಿಡೀ ಫಿಲ್ಟರ್ ಖಾಲಿಯಾಗುತ್ತಿತ್ತು. ಬೆಳಿಗ್ಗೆ ಅದು ಮತ್ತೆ ತುಂಬುವವರೆಗೆ ಇಂಜಿನ್ನಿನ ಮೇಲ್ಭಾಗ ಆಯಿಲ್ ಇಲ್ಲದೆ ತಿರುಗುತ್ತಿತ್ತು. ದಿನಕ್ಕೆ ಮೂರೇ ಸೆಕೆಂಡು ಅಂತ ಸುಮ್ನೆ ಬಿಡುವ ವಿಷಯ ಇದಲ್ಲ. ಇಂಜಿನ್ ಸವೆಯುವುದು ಜಾಸ್ತಿ ಇಂಥ ಹೊತ್ತಿನಲ್ಲೇ.

ಅಂಗಡಿಯಲ್ಲಿ ಇದನ್ನು ನೋಡುವುದು ಸುಲಭ. ಒಂದು ಟೂತ್‌ಪಿಕ್ಕಿನ ಮೊಂಡು ತುದಿಯಿಂದ ಸಣ್ಣ ತೂತಿನೊಳಗಿನ ರಬ್ಬರನ್ನು ಮೆಲ್ಲಗೆ ಒತ್ತಿ. ಅದು ಬಗ್ಗಬೇಕು, ಬಿಟ್ಟ ಕೂಡಲೇ ಮತ್ತೆ ತೂತಿಗೆ ಅಂಟಿ ಕೂರಬೇಕು. ಎಲ್ಲ ತೂತುಗಳ ಹಿಂದೆಯೂ ರಬ್ಬರ್ ಸಮನಾಗಿ ಕಾಣಬೇಕು. ಒಂದು ಕಡೆ ಸಂದಿ ಕಂಡರೆ ಆ ಫಿಲ್ಟರ್ ಬೇಡ. ಕಪ್ಪು ರಬ್ಬರ್ ಸಾಮಾನ್ಯವಾಗಿ ನೈಟ್ರೈಲ್, ಕಿತ್ತಳೆ ಬಣ್ಣದ್ದು ಸಾಮಾನ್ಯವಾಗಿ ಸಿಲಿಕೋನ್. ಸಿಲಿಕೋನ್ ಬಿಸಿಗೆ ಹೆಚ್ಚು ದಿನ ಮೆತ್ತಗಿರುತ್ತದೆ. ಆದರೆ ಬಣ್ಣವನ್ನು ಯಾವ ರಬ್ಬರಿಗೆ ಬೇಕಾದರೂ ಹಾಕಬಹುದು ಅಲ್ವಾ? ಹಾಗಾಗಿ ಕಿತ್ತಳೆ ಅಂತ ನಂಬಿಕೊಂಡು ತರಬೇಡಿ, ನೈಟ್ರೈಲ್ ಅಂತ ಬಿಟ್ಟು ಬರಲೂ ಬೇಡಿ. ಚೆನ್ನಾಗಿ ಮಾಡಿದ ನೈಟ್ರೈಲ್ ಒಂದು ಸರ್ವಿಸ್ ಅವಧಿಗೆ ಧಾರಾಳ ಸಾಕು.

ಅಲ್ಲೇ ನಿಂತು ಥ್ರೆಡ್ಡಿನ ಕಡೆಯೂ ಕಣ್ಣು ಹಾಯಿಸಿ. ಅದು ಚೂಪಾಗಿ, ಶುಚಿಯಾಗಿರಬೇಕು. ಬೆರಳಾಡಿಸಿದರೆ ಲೋಹದ ಪುಡಿ ಬರಬಾರದು. ಬಂದರೆ ಆ ಪುಡಿ ಹೋಗುವುದು ನೇರ ನಿಮ್ಮ ಇಂಜಿನ್ನಿಗೆ, ಯಾಕೆಂದರೆ ನಡುವಿನ ತೂತು ಕಾಗದ ದಾಟಿದ ನಂತರದ ದಾರಿ. ಹೊರಗಿನ ರಬ್ಬರ್ ರಿಂಗ್ ತನ್ನ ತೋಡಿನಲ್ಲಿ ಸುತ್ತಲೂ ಒಂದೇ ಮಟ್ಟದಲ್ಲಿ ಕೂತಿರಬೇಕು.

ಇನ್ನೊಂದು ಭಾಗ ಬೈಪಾಸ್ ವಾಲ್ವ್. ಕಾಗದ ಕಟ್ಟಿಕೊಂಡಾಗ, ಅಥವಾ ತಣ್ಣಗಿನ ಆಯಿಲ್ ತುಂಬ ಗಟ್ಟಿಯಾಗಿದ್ದಾಗ, ಈ ವಾಲ್ವ್ ತೆರೆದು ಸೋಸದ ಆಯಿಲನ್ನೇ ಇಂಜಿನ್‌ಗೆ ಬಿಡುತ್ತದೆ. ಆಯಿಲ್ ಇಲ್ಲದೆ ಓಡುವುದಕ್ಕಿಂತ ಕೊಳಕು ಆಯಿಲ್ ವಾಸಿ, ಲೆಕ್ಕ ಅಷ್ಟೇ. ಕಾಗದದ ಒಳಹೊರಗಿನ ಒತ್ತಡದ ವ್ಯತ್ಯಾಸ ಸುಮಾರು 1 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಆದಾಗ ತೆರೆಯುವಂತೆ ಇದನ್ನು ಇಟ್ಟಿರುತ್ತಾರೆ, ಇಂಜಿನ್ನಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ. ಸ್ಪ್ರಿಂಗ್ ಸಡಿಲವಾಗಿದ್ದರೆ ಈ ಬಾಗಿಲು ಯಾವಾಗಲೂ ಅರೆತೆರೆದೇ ಇರುತ್ತದೆ, ಕಾಗದ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನ ಇಲ್ಲ. ಇದನ್ನು ಹೊರಗಿನಿಂದ ಪರೀಕ್ಷಿಸಲು ಆಗುವುದಿಲ್ಲ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ಇಂಜಿನ್ ಬ್ಲಾಕಿನಲ್ಲೇ ಇರುತ್ತದೆ, ಅವುಗಳ ಫಿಲ್ಟರಿನಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ "ಥ್ರೆಡ್ ಕೂರುತ್ತೆ ಸರ್, ಏನೂ ಆಗಲ್ಲ" ಅನ್ನುವ ಮಾತನ್ನು ಒಪ್ಪಬೇಡಿ. ಸುಜುಕಿ ಪೆಟ್ರೋಲ್ ಇಂಜಿನ್‌ಗಳ ಥ್ರೆಡ್ ಸಾಮಾನ್ಯವಾಗಿ 20 ಮಿಮೀ. ಇನ್ನು ಕೆಲವು ಕಾರುಗಳದ್ದು ಮುಕ್ಕಾಲು ಇಂಚು, ಅಂದರೆ 19.05 ಮಿಮೀ. ಕಣ್ಣಿಗೆ ವ್ಯತ್ಯಾಸವೇ ಕಾಣದು. ಒಂದರ ಫಿಲ್ಟರ್ ಇನ್ನೊಂದಕ್ಕೆ ಕೂತ ಹಾಗೆ ಅನ್ನಿಸಿ ಹೈವೇಯಲ್ಲಿ ಬಿಚ್ಚಿಕೊಳ್ಳಬಹುದು. ಡಬ್ಬಿಯ ಮೇಲೆ ನಿಮ್ಮ ಕಾರಿನ ಮಾಡೆಲ್, ಇಂಜಿನ್ ಎರಡೂ ಇರಬೇಕು.

ಕಾಗದದ ವಿಷಯಕ್ಕೆ ಬಂದರೆ, ಡಬ್ಬಿಯ ಮೇಲಿನ ಮೈಕ್ರಾನ್ ಸಂಖ್ಯೆ ಒಂದೇ ಏನನ್ನೂ ಹೇಳುವುದಿಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ. "20 ಮೈಕ್ರಾನ್ ಫಿಲ್ಟರ್" ಅಂದರೆ ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ? ನೂರಕ್ಕೆ 50 ಹಿಡಿಯುವುದೂ 20 ಮೈಕ್ರಾನ್ ಫಿಲ್ಟರೇ, 95 ಹಿಡಿಯುವುದೂ ಅದೇ. ಶೇಕಡಾ ಎಷ್ಟು ಅಂತ ಹೇಳಿದ್ದರೆ ಮಾತ್ರ ಆ ಸಂಖ್ಯೆಗೆ ಅರ್ಥ. ಐಎಸ್‌ಒ 4548 ಪರೀಕ್ಷೆಯ ಹೆಸರು ಕಂಡರೆ ಇನ್ನೂ ಒಳ್ಳೆಯದು, ಕಾರಿನ ಆಯಿಲ್ ಫಿಲ್ಟರ್‌ಗಳನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಅದು. ಕಡಿಮೆ ಬೆಲೆಯ ಡಬ್ಬಿಗಳಲ್ಲಿ ಇಂಥ ವಿವರ ಸಿಗುವುದು ಅಪರೂಪ. ತೂಕವನ್ನು ನೋಡಿ ನಿರ್ಧರಿಸುವವರೂ ಇದ್ದಾರೆ. ಆದರೆ ದಪ್ಪ ತಗಡಿನ ಡಬ್ಬಿಯೊಳಗೆ ಎರಡು ಗೇಣು ಕಾಗದವನ್ನಷ್ಟೇ ಇಟ್ಟರೂ ಫಿಲ್ಟರ್ ತೂಕ ಬರುತ್ತದೆ.

ಒಳಗೇನಿದೆ ಅಂತ ನಿಜವಾಗಿ ತಿಳಿಯಲು ಕತ್ತರಿಸಿಯೇ ನೋಡಬೇಕು. ಮುಂದಿನ ಸರ್ವಿಸ್‌ನಲ್ಲಿ ಬಿಚ್ಚಿದ ಹಳೆಯ ಫಿಲ್ಟರನ್ನು ಮೆಕ್ಯಾನಿಕ್‌ನಿಂದ ಕೇಳಿ ಇಸ್ಕೊಳ್ಳಿ. ಬಿಚ್ಚುವಾಗಲೇ ಒಂದು ವಿಷಯ ಗಮನಿಸಿ: ಬಾಯಿ ಕೆಳಗೆ ಮಾಡಿ ಹಿಡಿದಾಗ ನಡುವಿನ ತೂತಿನಿಂದ ಆಯಿಲ್ ಬರುವುದು ಸಹಜ. ಸುತ್ತಲಿನ ಸಣ್ಣ ತೂತುಗಳಿಂದ ಧಾರೆಯಾಗಿ ಬಂದರೆ ರಬ್ಬರ್ ಸೋತಿದೆ. ಒಂದು ರಾತ್ರಿ ಬೋರಲು ಹಾಕಿ ಆಯಿಲ್ ಬಸಿಯಲು ಬಿಡಿ. ಆಮೇಲೆ ಬಾಯಿಯ ಹತ್ತಿರ ಸುತ್ತಲೂ ಹ್ಯಾಕ್‌ಸಾ ಬ್ಲೇಡಿನಿಂದ ಕತ್ತರಿಸಿ. ಗ್ರೈಂಡರ್ ಬೇಡ, ಕಿಡಿ ಹಾರುತ್ತದೆ, ಒಳಗೆ ಆಯಿಲ್ ಇರುತ್ತದೆ. ಹ್ಯಾಕ್‌ಸಾದ ಪುಡಿಯೂ ಕಾಗದಕ್ಕೆ ಅಂಟುತ್ತದೆ, ಅದನ್ನು ಇಂಜಿನ್ನಿನ ಪುಡಿ ಅಂತ ತಿಳಿದು ಗಾಬರಿಯಾಗಬೇಡಿ.

ಮೊದಲು ಕಾಗದದ ನೆರಿಗೆ ನೋಡಿ. ಚೆನ್ನಾಗಿ ಉಟ್ಟ ಸೀರೆಯ ನೆರಿಗೆಯ ಹಾಗೆ ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ ಇರಬೇಕು. ಕೆಟ್ಟ ಫಿಲ್ಟರಿನಲ್ಲಿ ಒಂದು ಕಡೆ ನೆರಿಗೆಗಳು ಗುಂಪಾಗಿ ಅಂಟಿಕೊಂಡಿರುತ್ತವೆ, ಇನ್ನೊಂದು ಕಡೆ ಬೆರಳು ತೂರುವಷ್ಟು ಅಗಲ. ನಂತರ ಮೇಲಿನ, ಕೆಳಗಿನ ಮುಚ್ಚಳಗಳು. ಅವು ತಗಡಿನದಾಗಿರಬಹುದು, ಗಟ್ಟಿ ರಟ್ಟಿನದೂ ಆಗಿರಬಹುದು. ರಟ್ಟು ಅಂದ ಕೂಡಲೇ ಕೆಟ್ಟದ್ದು ಅಂತಲ್ಲ. ಮುಚ್ಚಳಕ್ಕೂ ಕಾಗದಕ್ಕೂ ನಡುವೆ ಅಂಟು ಸುತ್ತಲೂ ಸಮನಾಗಿ ಹಿಡಿದಿದೆಯಾ ಅನ್ನುವುದು ಮುಖ್ಯ. ಉಗುರಿನಿಂದ ಎಬ್ಬಿಸಿದರೆ ಮುಚ್ಚಳ ಕಳಚಿ ಬಂದರೆ, ಆಯಿಲ್ ಕಾಗದವನ್ನು ದಾಟದೆ ಆ ಸಂದಿಯಿಂದಲೇ ಹೋಗುತ್ತಿತ್ತು ಅಂತ ಅರ್ಥ. ಕಾಗದದ ಎರಡು ತುದಿ ಸೇರುವ ಜೋಡಣೆಯನ್ನೂ ಹಾಗೆಯೇ ಎಳೆದು ನೋಡಿ. ಕೊನೆಗೆ ನಡುವಿನ ಕೊಳವೆ. ಕೆಲವದರಲ್ಲಿ ದುಂಡು ತೂತುಗಳಿರುತ್ತವೆ, ಕೆಲವದರಲ್ಲಿ ತಗಡನ್ನು ಸೀಳಿ ಎಬ್ಬಿಸಿದ ಸಣ್ಣ ಸಂದಿಗಳು. ಈ ಸಂದಿಗಳು ಪೂರ್ತಿ ತೆರೆಯದೆ ಮುಚ್ಚಿಕೊಂಡೇ ಇರುವ ಫಿಲ್ಟರ್‌ಗಳಿವೆ. ಅಂಥದ್ದರಲ್ಲಿ ಆಯಿಲಿಗೆ ದಾರಿಯೇ ಸಾಲದು.

ಸ್ವಿಫ್ಟ್‌ನ ಹಳೆಯ 1.3 ಡೀಸೆಲ್‌ನಂಥ ಇಂಜಿನ್‌ಗಳಲ್ಲಿ ಫಿಲ್ಟರಿಗೆ ತಗಡಿನ ಡಬ್ಬಿ ಇರುವುದಿಲ್ಲ, ಕಾಗದದ ಎಲಿಮೆಂಟ್ ಮಾತ್ರ ಬದಲಾಗುತ್ತದೆ. ಅದಕ್ಕೆ ಕತ್ತರಿಸುವ ಕಷ್ಟವೇ ಇಲ್ಲ, ಕೊಳ್ಳುವ ಮೊದಲೇ ಎಲ್ಲವೂ ಕಣ್ಣೆದುರು. ಜೊತೆಗೆ ಹೊಸ ರಬ್ಬರ್ ರಿಂಗ್ ಇದೆಯಾ ನೋಡಿಕೊಳ್ಳಿ.

ಬೆಂಗಳೂರಿನ ಜೆ.ಸಿ. ರೋಡಿನಂಥ, ಗಾಡಿ ಬಿಡಿಭಾಗಗಳ ಅಂಗಡಿ ಸಾಲಿನ ಕಡೆ ಕೊಳ್ಳುವಾಗ ನನಗೆ ಕಡಿಮೆ ಬೆಲೆಯ ಮಾಲಿಗಿಂತ ಡೂಪ್ಲಿಕೇಟ್ ಮಾಲಿನ ಭಯವೇ ಜಾಸ್ತಿ. ಬಾಷ್, ಪ್ಯೂರೊಲೇಟರ್, ಎಲೋಫಿಕ್‌ನಂಥ ಕಂಪನಿಗಳು ಸಣ್ಣ ಕಾರುಗಳಿಗೆ ಫಿಲ್ಟರ್ ಮಾಡುತ್ತವೆ, ಬೆಲೆಯೂ ಕೈಗೆಟಕುವಂಥದ್ದೇ. ದೊಡ್ಡ ಹೆಸರಿನ ಡಬ್ಬಿ ಅನುಮಾನ ಬರುವಷ್ಟು ಅಗ್ಗಕ್ಕೆ ಸಿಕ್ಕರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ತಯಾರಕರ ಹೆಸರು ವಿಳಾಸ, ತಿಂಗಳು ವರ್ಷ, ಎಂಆರ್‌ಪಿ, ದೂರು ಕೊಡಲು ಫೋನ್ ನಂಬರ್ ಇವೆಲ್ಲ ಡಬ್ಬಿಯ ಮೇಲೆ ಇರಲೇಬೇಕು ಅಂತ ಕಾನೂನೇ ಇದೆ. ಬಿಲ್ ಕೊಡದ ಅಂಗಡಿಯಲ್ಲಿ ಫಿಲ್ಟರ್ ತರಬೇಡಿ.

ಒಳ್ಳೆಯ ಫಿಲ್ಟರನ್ನೂ ತಪ್ಪಾಗಿ ಹಾಕಿ ಕೆಡಿಸಬಹುದು. ಹಳೆಯದರ ರಬ್ಬರ್ ರಿಂಗ್ ಕೆಲವೊಮ್ಮೆ ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರ ಮೇಲೆಯೇ ಹೊಸದನ್ನು ಹಾಕಿದರೆ ಒತ್ತಡಕ್ಕೆ ಆಯಿಲ್ ಪೂರ್ತಿ ಹೊರಗೆ ಚಿಮ್ಮುತ್ತದೆ. ಹಾಕುವ ಮೊದಲು ಆ ಜಾಗವನ್ನು ಬಟ್ಟೆಯಿಂದ ಒರೆಸಿಸಿ, ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿಸಿ. ರಿಂಗ್ ತಾಗಿದ ಮೇಲೆ ಕೈಯಿಂದ ಸುಮಾರು ಮುಕ್ಕಾಲು ಸುತ್ತು ಸಾಕು.

ಈಗ ನಿಮ್ಮ 60 ರೂಪಾಯಿಯ ಫಿಲ್ಟರ್. ಈಗಾಗಲೇ ಹಾಕಿ ಆಗಿದೆ, ನಾಳೆಯೇ ಕಿತ್ತು ಹಾಕುವ ಅಗತ್ಯ ಇಲ್ಲ. ರಾತ್ರಿ ಕಾರಿನ ಕೆಳಗೆ ಒಂದು ಹಳೇ ಪೇಪರ್ ಹಾಸಿ, ಬೆಳಿಗ್ಗೆ ಹನಿ ಬಿದ್ದಿದೆಯಾ ನೋಡಿ. ಸ್ಟಾರ್ಟ್ ಮಾಡುವಾಗ ರೇಡಿಯೋ ಆಫ್ ಇರಲಿ, ಕಿಟಕಿ ಇಳಿಸಿರಲಿ. ಸದ್ದು ಬಂದರೆ, ದೀಪ ಆರಲು ತಡವಾದರೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ನೋಡಿ, ಅದು ಸರಿಯಿದ್ದರೆ ಫಿಲ್ಟರ್ ಬದಲಿಸಿಬಿಡಿ. ಏನೂ ಇಲ್ಲವಾದರೆ 10,000 ಕಿಲೋಮೀಟರ್ ತನಕ ಕಾಯದೆ 5,000ಕ್ಕೇ ಆಯಿಲ್ ಜೊತೆ ಬದಲಿಸಿ, ಹಳೆಯದನ್ನು ಮನೆಗೆ ತಂದು ಕತ್ತರಿಸಿ ನೋಡಿ. ನೆರಿಗೆ, ಅಂಟು, ರಬ್ಬರ್ ಮೂರೂ ಚೆನ್ನಾಗಿದ್ದರೆ ಅದೇ ಫಿಲ್ಟರನ್ನು ಮುಂದುವರಿಸಿ. ಮೂರರಲ್ಲಿ ಒಂದು ಸೋತಿದ್ದರೂ ಮುಂದಿನ ಸಲ ಡಬ್ಬಿಯನ್ನು ನೀವೇ ಕೊಂಡು ಮೆಕ್ಯಾನಿಕ್ ಕೈಗೆ ಕೊಡಿ.