ಕಾರಣ ಹುಡುಕಲು ಹೋದವರಿಗೆ ಡೋಸು ಸಿಕ್ಕಿತು

1983ರ ಮೇ ತಿಂಗಳು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ವ್ಯಾಗ್ನರ್ ಎಂಬ ವೈದ್ಯ ತಾವೇ ಸ್ಕ್ಯಾನರ್ ಒಳಗೆ ಮಲಗಿದರು. ವಿಕಿರಣ ಸೂಸುವ ಒಂದು ರಾಸಾಯನಿಕವನ್ನು ಅವರ ರಕ್ತನಾಳಕ್ಕೆ ಚುಚ್ಚಿದರು. ಬದುಕಿರುವ ಮನುಷ್ಯನ ಮಿದುಳಿನ ಡೋಪಮೀನ್ ರಿಸೆಪ್ಟರ್‌ಗಳು ಚಿತ್ರದಲ್ಲಿ ಮೂಡಿದ್ದು ಅದೇ ಮೊದಲು. ಡೋಪಮೀನ್ ಅಂದರೆ ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ, ಅದು ಹೋಗಿ ಅಂಟುವ ಜಾಗವೇ ರಿಸೆಪ್ಟರ್.

ಇಷ್ಟು ಸಾಹಸ ಯಾಕೆ ಬೇಕಿತ್ತು? 1970ರ ದಶಕದಲ್ಲಿ ಫಿಲಿಪ್ ಸೀಮನ್ ಮತ್ತು ಸಾಲೊಮನ್ ಸ್ನೈಡರ್ ತಂಡಗಳು ಒಂದು ನಂಟು ಕಂಡುಕೊಂಡಿದ್ದವು. ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ ಸ್ಕಿಜೋಫ್ರೇನಿಯಾದ ಔಷಧ ಡೋಪಮೀನ್ ರಿಸೆಪ್ಟರ್‌ಗೆ ಬಿಗಿಯಾಗಿ ಅಂಟಿದಷ್ಟೂ ಕಡಿಮೆ ಡೋಸು ಸಾಕಾಗುತ್ತಿತ್ತು. ಹಾಗಾದ್ರೆ ರೋಗಿಗಳಲ್ಲಿ ಈ ರಿಸೆಪ್ಟರ್‌ಗಳೇ ಜಾಸ್ತಿ ಇರಬಹುದಲ್ವಾ? ಸತ್ತವರ ಮಿದುಳಲ್ಲಿ ಜಾಸ್ತಿ ಕಂಡವು ಕೂಡ. ಆದರೆ ಅವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಔಷಧ ತಿಂದವರು. ರಿಸೆಪ್ಟರ್‌ಗಳನ್ನು ಹೆಚ್ಚಿಸುವುದು ಔಷಧವೂ ಆಗಿರಬಹುದು. ಔಷಧವನ್ನೇ ಮುಟ್ಟದ ರೋಗಿಯ ಮಿದುಳನ್ನು, ಅವರು ಬದುಕಿರುವಾಗಲೇ ನೋಡಬೇಕಿತ್ತು.

ವ್ಯಾಗ್ನರ್ ಮಾಡಿಸಿಕೊಂಡ ಪೆಟ್ ಸ್ಕ್ಯಾನ್, ಅಂದರೆ ವಿಕಿರಣ ಸೂಸುವ ಅಣು ದೇಹದಲ್ಲಿ ಎಲ್ಲಿ ಸೇರಿತೆಂದು ತೋರಿಸುವ ಚಿತ್ರ, ಇದಕ್ಕೆ ದಾರಿ ಮಾಡಿತು. ಕೆಲಸ ಮಾತ್ರ ಗಡಿಯಾರದ ಜೊತೆಗಿನ ಓಟ. ಅಣುವಿಗೆ ವಿಕಿರಣ ಕೊಡುವ ಕಾರ್ಬನ್-11 ಸುಮಾರು 20 ನಿಮಿಷಕ್ಕೆ ಅರ್ಧವಾಗುತ್ತದೆ, ಒಂದು ಗಂಟೆಗೆ ಉಳಿಯುವುದು ಎಂಟನೇ ಒಂದು ಪಾಲು. ಸೈಕ್ಲೋಟ್ರಾನ್ ಎಂಬ ಕಣಗಳ ವೇಗ ಹೆಚ್ಚಿಸುವ ಯಂತ್ರದಲ್ಲಿ ಅದನ್ನು ಹುಟ್ಟಿಸಿ, ಔಷಧದ ಅಣುವಿಗೆ ಜೋಡಿಸಿ, ಶುದ್ಧ ಮಾಡಿ, ಪರೀಕ್ಷಿಸಿ, ಸಿರಿಂಜಿಗೆ ತುಂಬಬೇಕು. ಅಷ್ಟರಲ್ಲಿ ರೋಗಿ ತಲೆ ಅಲುಗಿಸದೆ ಸ್ಕ್ಯಾನರ್‌ನಲ್ಲಿ ಕಾಯುತ್ತಿರಬೇಕು. ಕೆಮಿಸ್ಟ್ ಕೈ ತಡವಾದರೆ ಆ ದಿನದ ಸ್ಕ್ಯಾನ್ ಹೋಯಿತು ಅಂತಲೇ ಲೆಕ್ಕ.

1986ರಲ್ಲಿ ಹಾಪ್ಕಿನ್ಸ್ ತಂಡ, ಔಷಧ ತಿನ್ನದ ರೋಗಿಗಳಲ್ಲೂ ರಿಸೆಪ್ಟರ್ ಜಾಸ್ತಿ ಇವೆ ಎಂದಿತು. ಮರುವರ್ಷವೇ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಲಾರ್ಸ್ ಫಾರ್ಡೆ ತಂಡ, ಅಂಥದ್ದೇನೂ ಕಾಣಲಿಲ್ಲ ಎಂದಿತು. ಇಬ್ಬರೂ ಬಳಸಿದ ಅಣು ಬೇರೆ, ಲೆಕ್ಕ ಹಾಕಿದ ರೀತಿಯೂ ಬೇರೆ. ಹಾಪ್ಕಿನ್ಸ್‌ನವರ ಅಣು ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ರಿಸೆಪ್ಟರ್‌ಗೂ ಅಂಟುತ್ತಿತ್ತು. ಸ್ವೀಡನ್ನಿನವರ ರಾಕ್ಲೋಪ್ರೈಡ್ ಹೆಚ್ಚು ಕರಾರುವಾಕ್ಕು, ರಿಸೆಪ್ಟರ್ ಅನ್ನು ಬೇಗ ಬಿಡುವಂಥದ್ದು. ವರ್ಷಗಟ್ಟಲೆ ಜಗಳ ನಡೆಯಿತು. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು ಅದರ ಪಕ್ಕದಲ್ಲೇ ಸದ್ದಿಲ್ಲದೆ ನಡೆದ ಕೆಲಸ.

1988ರಲ್ಲಿ ಫಾರ್ಡೆ ತಂಡ, ಔಷಧ ತೆಗೆದುಕೊಳ್ಳುತ್ತಿರುವವರಲ್ಲೇ ಅಳೆದು ನೋಡಿತು. ಮಾಮೂಲಿ ಡೋಸಿನಲ್ಲಿ ಡಿ2 ಎಂಬ ಬಗೆಯ ಡೋಪಮೀನ್ ರಿಸೆಪ್ಟರ್‌ಗಳ ಶೇ 65ರಿಂದ 85ರಷ್ಟನ್ನು ಔಷಧ ಹಿಡಿದಿತ್ತು. ಕ್ಲೋಜಪೈನ್ ಎಂಬ ಔಷಧ ಮಾತ್ರ ಅದಕ್ಕಿಂತ ಕಡಿಮೆ ಹಿಡಿದೂ ಕೆಲಸ ಮಾಡುತ್ತದೆ ಎಂಬ ಒಗಟು ಆಮೇಲೆ ಎದ್ದಿತು, ಅದು ಬೇರೆಯೇ ಕತೆ.

ರಾಕ್ಲೋಪ್ರೈಡ್‌ನ ಸಡಿಲ ಹಿಡಿತವೂ ಉಪಯೋಗಕ್ಕೆ ಬಂತು. ಮಿದುಳು ಡೋಪಮೀನ್ ಸುರಿದರೆ ಅದು ಜಾಗ ಬಿಡುತ್ತದೆ, ಚಿತ್ರ ಮಂಕಾಗುತ್ತದೆ. ಇದೇ ಉಪಾಯವನ್ನು ಅಂಥದ್ದೇ ಇನ್ನೊಂದು ಅಣುವಿನಲ್ಲಿ ಬಳಸಿ, 1996ರಲ್ಲಿ ಮಾರ್ಕ್ ಲಾರುಯೆಲ್ ತಂಡ ಒಂದು ವಿಷಯ ತೋರಿಸಿತು: ಡೋಪಮೀನ್ ಸುರಿಸುವ ಉತ್ತೇಜಕ ಆಂಫೆಟಮೈನ್ ಕೊಟ್ಟಾಗ ಸ್ಕಿಜೋಫ್ರೇನಿಯಾ ಇರುವವರಲ್ಲಿ ಡೋಪಮೀನ್ ಜಾಸ್ತಿ ಸುರಿಯುತ್ತದೆ. ಹುಡುಕಾಟ ರಿಸೆಪ್ಟರ್ ಎಣಿಕೆಯಿಂದ ಡೋಪಮೀನ್ ಹರಿವಿನ ಕಡೆ ಹೊರಳಿತು.

2000ದಲ್ಲಿ ಟೊರೊಂಟೊದ ಶಿತಿಜ್ ಕಪೂರ್ ತಂಡ ಹೊಸ ರೋಗಿಗಳಿಗೆ ಹ್ಯಾಲೋಪೆರಿಡಾಲ್ ಎಂಬ ಔಷಧವನ್ನು ದಿನಕ್ಕೆ 1 ಅಥವಾ 2.5 ಮಿಲಿಗ್ರಾಂನಿಂದ ಶುರು ಮಾಡಿ ಸ್ಕ್ಯಾನ್ ಮಾಡಿತು. ಔಷಧ ಹಿಡಿದ ಡಿ2 ರಿಸೆಪ್ಟರ್‌ಗಳ ಪಾಲು ಶೇ 65 ದಾಟಿದ ಮೇಲೆ ಗುಣ ಕಾಣುವ ಸಾಧ್ಯತೆ ಹೆಚ್ಚಿತು. ಮೈ ಬಿಗಿತ, ನಡುಕದಂಥ ತೊಂದರೆ ಶೇ 78 ದಾಟಿದ ಮೇಲೆ ಹೆಚ್ಚಿತು. ಅದಕ್ಕೂ ಮೊದಲು ಇದೇ ಔಷಧವನ್ನು ದಿನಕ್ಕೆ 20 ಮಿಲಿಗ್ರಾಂ ಬರೆಯುವುದು ವೈದ್ಯರಿಗೆ ಮಾಮೂಲಿಯಾಗಿತ್ತು.