ಹಳೆಯ ಫಿಲ್ಮ್ ಎಲ್ಲಿ?

ಸ್ಕ್ಯಾನ್‌ಗೆ ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಹಿಂದೆ ತೆಗೆಸಿದ್ದು ಏನಾದ್ರೂ ಇದೆಯಾ?" ಬಹಳ ಜನರ ಉತ್ತರವೂ ಒಂದೇ: "ಅದೆಲ್ಲ ಹಳೇದು ಡಾಕ್ಟ್ರೇ, ಹೊಸದಾಗಿ ತೆಗೀತೀರಲ್ಲ!"

ಹಳೇದು ಅಂತಲೇ ಬೇಕು ಸ್ವಾಮಿ.

ಇವತ್ತಿನ ಸಿ.ಟಿ. ಇವತ್ತು ಹೇಗಿದೆ ಎಂದಷ್ಟೇ ಹೇಳುತ್ತದೆ. ಶ್ವಾಸಕೋಶದಲ್ಲಿ 10 ಮಿ.ಮೀ. ಗಂಟು ಕಂಡಿತು ಎನ್ನಿ. ಎಂದೋ ವಾಸಿಯಾದ ಕ್ಷಯದ ಕಲೆಯೋ, ಈಗ ತಲೆಯೆತ್ತುತ್ತಿರುವ ಕ್ಯಾನ್ಸರೋ, ಎಷ್ಟೋ ಸಲ ಆ ಒಂದು ಚಿತ್ರದಿಂದ ಹೇಳಲಾಗದು. ಹೋದ ವರ್ಷದ್ದು ಪಕ್ಕದಲ್ಲಿದ್ದರೆ ಮಾತೇ ಬೇರೆ. ಆಗ 8 ಇತ್ತು ಎಂದರೆ ನೀವು "ಎರಡೇ ಮಿಲಿಮೀಟರ್ ತಾನೆ" ಅನ್ನುತ್ತೀರಿ. ಅದು ಅಡ್ಡಳತೆ. ಗಂಟು ಗೋಲಿಯ ಹಾಗೆ, ಎಲ್ಲ ದಿಕ್ಕಿಗೂ ಉಬ್ಬುತ್ತದೆ. ಲೆಕ್ಕ ಹಾಕಿ ನೋಡಿ, ಘನಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿದೆ! ಅದೇ, ಗಟ್ಟಿ ಗಂಟೊಂದು ಎರಡು ವರ್ಷ ಬೆಳೆಯದೆ ಕೂತಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಸಾಮಾನ್ಯವಾಗಿ ಎಂದೆ, ಮಂಜು ಕವಿದಂತೆ ಮಸುಕಾಗಿ ಕಾಣುವ ಕೆಲವು ಬಹಳ ನಿಧಾನ ಬೆಳೆಯುತ್ತವೆ, ಅವಕ್ಕೆ ಎರಡು ವರ್ಷ ಸಾಲದು.

ಇನ್ನು ಕೆಲವರು ರಿಪೋರ್ಟ್ ಮಾತ್ರ ತರುತ್ತಾರೆ. ಅದರಲ್ಲಿ "ಸಣ್ಣ ಗಂಟು" ಎಂದಿರುತ್ತದೆ. ಎಷ್ಟು ಸಣ್ಣ? ಒಬ್ಬರ ಅಳತೆಗೂ ಇನ್ನೊಬ್ಬರದಕ್ಕೂ ಒಂದು ಮಿ.ಮೀ. ಆಚೀಚೆ ಆಗುವುದು ಮಾಮೂಲು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನಾನೇ ಅಳೆಯಬೇಕು. ಸಿ.ಡಿ. ಕೊಟ್ಟಿದ್ದರೆ ಅದನ್ನೇ ತನ್ನಿ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋನಿನಲ್ಲಿ ತೆಗೆದ ಫೋಟೋ ಮಾತ್ರ ಬೇಡ, ಅದರಲ್ಲಿ ನಿಮ್ಮ ಹೆಬ್ಬೆರಳೇ ಚೆನ್ನಾಗಿ ಬಂದಿರುತ್ತದೆ.

ಒಬ್ಬ ಹಿರಿಯರ ಎದೆಯ ಎಕ್ಸ್-ರೇಯಲ್ಲಿ ಬಿಳಿ ಚುಕ್ಕೆ ಕಂಡಿತ್ತು. ಸಿ.ಟಿ. ಮಾಡಿದರೂ ಖಚಿತವಾಗಲಿಲ್ಲ. ಸೂಜಿ ಹಾಕಿ ಬಯಾಪ್ಸಿ ಮಾಡುವ ದಿನವೂ ನಿಗದಿಯಾಯಿತು. ಮಗ ಊಟ ನಿದ್ದೆ ಬಿಟ್ಟಿದ್ದ. ಹಿಂದಿನ ದಿನ ಅವರ ಹೆಂಡತಿ ಧೂಳು ಹಿಡಿದ ಲಕೋಟೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಒಂಬತ್ತು ವರ್ಷದ ಹಿಂದೆ ಯಜಮಾನರು ಜಾರಿ ಬಿದ್ದಾಗ ಪಕ್ಕೆಲುಬು ನೋಡಲು ತೆಗೆಸಿದ ಎಕ್ಸ್-ರೇ. ಅದೇ ಜಾಗ, ಅದೇ ಚುಕ್ಕೆ, ಅಷ್ಟೇ ದೊಡ್ಡದು. ಬಯಾಪ್ಸಿ ಕೈಬಿಟ್ಟೆವು.

"ಬೀರು ಖಾಲಿ ಮಾಡುವಾಗ ಇದನ್ನು ಬಿಸಾಕು ಅಂದೋರು ಇವರೇ" ಎಂದು ಆಕೆ ಗಂಡನತ್ತ ತಿರುಗಿದರು. ಅವರು ಚಪ್ಪಲಿ ಹುಡುಕತೊಡಗಿದರು.