ಅಗಾರ್ ಮೇಲಿನ ಬ್ಯಾಕ್ಟೀರಿಯಾ ಚಿತ್ರ: ಗೆರೆ ಹರಡುವುದೇಕೆ, ಬಣ್ಣ ಬಾರದಿರುವುದೇಕೆ?

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ, ಹವಳದಿಂದ ಬಂದ ನೀಲಿ ಪ್ರೋಟೀನಿನ ಜೀನ್ ಸೇರಿಸಿದ ಇ. ಕೋಲಿ ಬ್ಯಾಕ್ಟೀರಿಯಾದಿಂದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದಾರ್ಥ) ಮೇಲೆ ಚಿತ್ರ ಬಿಡಿಸಿದೆವು. ಮರುದಿನ ಗೆರೆಗಳು ಹರಡಿದ್ದವು, ನೀಲಿಯ ಬದಲು ಬಿಳುಪು. ತಪ್ಪೆಲ್ಲಿ?

ಉತ್ತರ: ಗೆರೆ ಹರಡಿದ್ದರೆ ಮೊದಲು ನೀರನ್ನು ಅನುಮಾನಿಸಿ. ಆಗತಾನೆ ಹೊಯ್ದ ಅಗಾರ್ ಮೇಲೆ ತೆಳುವಾದ ನೀರಿನ ಪದರ ಇರುತ್ತದೆ. ಕುಂಚ ತಾಗಿದೊಡನೆ ಬ್ಯಾಕ್ಟೀರಿಯಾ ಅದರಲ್ಲಿ ತೇಲಿಹೋಗುತ್ತದೆ.

ಒಂದು ಲೀಟರ್ ಮಾಧ್ಯಮಕ್ಕೆ ಟ್ರಿಪ್ಟೋನ್ (ಪ್ರೋಟೀನ್ ಒಡೆದು ಮಾಡಿದ ಪುಡಿ) 10 ಗ್ರಾಂ, ಯೀಸ್ಟ್ ಸಾರ 5 ಗ್ರಾಂ, ಉಪ್ಪು 10 ಗ್ರಾಂ, ಅಗಾರ್ 15 ಗ್ರಾಂ ಹಾಕಿ 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ). 50–55 ಡಿಗ್ರಿಗೆ ಇಳಿದ ಮೇಲೆ ಪ್ಲಾಸ್ಮಿಡ್ (ಸೇರಿಸಿದ ಜೀನ್ ಹೊತ್ತ ಡಿಎನ್‌ಎ ಉಂಗುರ) ಇಲ್ಲದ ಕೋಶಗಳನ್ನು ತಡೆಯುವ ಆಂಟಿಬಯಾಟಿಕ್ ಬೆರೆಸಿ, 90 ಮಿಲಿಮೀಟರ್ ಪ್ಲೇಟಿಗೆ 25 ಮಿಲಿಲೀಟರಿನಂತೆ ಹೊಯ್ಯಿರಿ. ಇನ್ನೂ ಬಿಸಿಯಿರುವಾಗಲೇ ಹೊಯ್ದರೆ ಮುಚ್ಚಳದೊಳಗೆ ಹನಿ ಕಟ್ಟುತ್ತದೆ, ಆಂಟಿಬಯಾಟಿಕ್ಕೂ ಕೆಡುತ್ತದೆ. ಗಟ್ಟಿಯಾದ ಮೇಲೆ ಲ್ಯಾಮಿನಾರ್ ಫ್ಲೋದಲ್ಲಿ (ಸೋಸಿದ ಗಾಳಿ ಬೀಸುವ ಪೆಟ್ಟಿಗೆಯಲ್ಲಿ) ಮುಚ್ಚಳ ತೆಗೆದು ಅರ್ಧ ಗಂಟೆ ಒಣಗಿಸಿ. ಇದೊಂದನ್ನು ಬಿಡಲೇಬೇಡಿ. ಸ್ಟೆರೈಲ್ ಮಾಡಿದ ಟೂತ್‌ಪಿಕ್ಕಿನ ತುದಿಗೆ ತುಸುವೇ ಕಲ್ಚರ್ (ಬೆಳೆಸಿಟ್ಟ ಬ್ಯಾಕ್ಟೀರಿಯಾ) ತಾಗಿಸಿ, ಅಗಾರ್ ಕೆತ್ತದಂತೆ ಎಳೆಯಿರಿ. ಬೆಳೆದ ಗೆರೆ ನೀವು ಎಳೆದದ್ದಕ್ಕಿಂತ ದಪ್ಪವಾಗುತ್ತದೆ, ಹಾಗಾಗಿ ಪಕ್ಕಪಕ್ಕದ ಗೆರೆಗಳ ನಡುವೆ ಜಾಗ ಬಿಡಿ. ಪ್ಲೇಟನ್ನು ಮಗುಚಿಟ್ಟು 37 ಡಿಗ್ರಿಯಲ್ಲಿ 16–18 ಗಂಟೆ ಬೆಳೆಸಿ.

ಬಣ್ಣದ ವಿಷಯಕ್ಕೆ ಮೊದಲು ಬೇಕಾದದ್ದು ತಾಳ್ಮೆ. ಪ್ರೋಟೀನ್ ತಯಾರಾದೊಡನೆ ನೀಲಿಯಾಗುವುದಿಲ್ಲ. ಅದು ಸರಿಯಾಗಿ ಮಡಚಿಕೊಂಡು, ಆಮ್ಲಜನಕದ ನೆರವಿನಿಂದ ಒಳಗೇ ರಾಸಾಯನಿಕವಾಗಿ ಬದಲಾದ ಮೇಲಷ್ಟೇ ಬಣ್ಣ. ಮರುದಿನ ಮಂಕಾಗಿದ್ದ ಪ್ಲೇಟ್ ಇನ್ನೊಂದೆರಡು ದಿನದಲ್ಲಿ ಗಾಢವಾಗಬಹುದು. ಆಮೇಲೂ ಬಿಳಿಯೇ ಇದ್ದರೆ ಪ್ಲಾಸ್ಮಿಡ್ಡಿನ ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ನೋಡಿ. ಅದಕ್ಕೆ ಚಾಲನೆ ಕೊಡಲು ಐಪಿಟಿಜಿ ಅಥವಾ ಅರಾಬಿನೋಸ್‌ನಂಥ ರಾಸಾಯನಿಕ ಬೇಕಿದ್ದು ಮಾಧ್ಯಮದಲ್ಲಿ ಅದಿಲ್ಲದಿದ್ದರೆ ಜೀನ್ ಸುಮ್ಮನಿರುತ್ತದೆ. ನೀಲಿ ಗೆರೆಯ ಸುತ್ತ ಮಾತ್ರ ಸಣ್ಣ ಬಿಳಿ ಚುಕ್ಕೆಗಳಿದ್ದರೆ ಆಂಪಿಸಿಲಿನ್ ಎಂಬ ಆಂಟಿಬಯಾಟಿಕ್ ಕಾರಣವಿರಬೇಕು: ಪ್ಲಾಸ್ಮಿಡ್ ಉಳ್ಳ ಕೋಶಗಳು ಹೊರಬಿಡುವ ಕಿಣ್ವ ಅದನ್ನು ಒಡೆಯುತ್ತದೆ, ಪ್ಲಾಸ್ಮಿಡ್ ಇಲ್ಲದವೂ ಅಲ್ಲಿ ಬದುಕುತ್ತವೆ. ಬದಲಿಗೆ ಕಾರ್ಬೆನಿಸಿಲಿನ್ ಬಳಸಿ, ಅದು ಹೆಚ್ಚು ಹೊತ್ತು ತಾಳುತ್ತದೆ.

ಬಣ್ಣವೊಂದೇ ಈ ಕಲೆಯ ಸಾಮಗ್ರಿಯಲ್ಲ. 2009ರ ಐಜೆಮ್ ಎಂಬ ಅಂತರರಾಷ್ಟ್ರೀಯ ಸಂಶ್ಲೇಷಿತ ಜೀವಶಾಸ್ತ್ರ ಸ್ಪರ್ಧೆಗೆ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಕೈಗೆತ್ತಿಕೊಂಡದ್ದು ಜಿಯೋಸ್ಮಿನ್ ಅನ್ನು, ಅಂದರೆ ಮಳೆ ಬಿದ್ದ ಮಣ್ಣಿನ ವಾಸನೆಯನ್ನು!

ಜೀನ್ ಬದಲಿಸಿದ ಬ್ಯಾಕ್ಟೀರಿಯಾವನ್ನು ಮನೆಗೆ ಒಯ್ಯಬೇಡಿ; ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆದು ಲ್ಯಾಬಿನಲ್ಲೇ ಕೆಲಸ ಮಾಡಿ. ಫೋಟೋ ತೆಗೆದುಕೊಂಡ ಮೇಲೆ ಪ್ಲೇಟುಗಳನ್ನು ಆಟೋಕ್ಲೇವ್ ಮಾಡಿಯೇ ಎಸೆಯಿರಿ.